ಜಂತಿ ಮ್ಯಾಲ ಹಾಳಿ ಹಾಸಬ್ಯಾಡ್ರಿ

ಈ ಸಲ ಬೆಳಿ ಬಗ್ಗೆ ಅಲ್ಲ, ಮನಿ ಬಗ್ಗೆ ಬರಿಯಾಕತ್ತೀನಿ. ಉದ್ದ ಆಗತೈತಿ, ಸ್ವಲ್ಪ ಸಿಟ್ಟಿನ್ಯಾಗ ಬರದೀನಿ, ಸಂಭಾಳಿಸಿಕೊಂಡು ಓದ್ರಿ.

ಕಬ್ಬಿನ ಬಿಲ್ ಕೈಗೆ ಬಂತಂದ್ರ ನಮ್ಮ ಕಡೆ ಎರಡ ಕೆಲಸ. ಒಂದು ಮದುವಿ, ಇಲ್ಲಾಂದ್ರ ಮನಿ ರಿಪೇರಿ. ಈ ಬ್ಯಾಸಗಿಗೆ ನಮ್ಮೂರಾಗ ಐದು ಮನಿ ಮಾಳಗಿ ಬಿಚ್ಯಾರ. ಹಳೆ ಮೇಲ್ಮುದ್ದಿ ಮಣ್ಣು ಇಳಿಸಿ, ಮುರಿದ ಜಂತಿ ತಗದು, ಹೊಸಾ ಜಂತಿ ಹಾಕಿ, ಮತ್ತ ಮಣ್ಣು ಏರಿಸೋ ಕೆಲಸ. ನಾನು ಐದೂ ಮನಿಗೆ ಹೋಗಿ ನೋಡಿ ಬಂದೀನಿ. ಐದರಾಗ ನಾಕು ಮನ್ಯಾಗ ಜಂತಿ, ಹಲಗಿ ಮ್ಯಾಲ ನೇರ ಕರೆ ಪ್ಲಾಸ್ಟಿಕ್ ಹಾಳಿ ಹಾಸಿ, ಅದರ ಮ್ಯಾಲ ಮಣ್ಣು ಸುರಿಯಾಕ ತಯಾರಾಗ್ಯಾರ. ಐದನೇ ಮನಿಯಾಂವ ಇನ್ನೂ ರೊಕ್ಕ ಹೊಂದಿಸಾಕತ್ಯಾನ, ಅದಕ್ಕ ಹಾಸಿಲ್ಲ, ಬ್ಯಾರೆ ಬುದ್ಧಿ ಇತ್ತಂತ ಅಲ್ಲ.

ಯಾಕ ಹಿಂಗ ಹಾಸ್ತೀರಿ ಅಂತ ಕೇಳಿದ್ರ ಗೌಂಡಿ "ಎಲ್ಲಾರೂ ಹಂಗ ಮಾಡ್ತಾರ್ರಿ" ಅಂತಾನ. ಅಂಗಡಿಯಾಂವ "ಒಮ್ಮೆ ಹಾಸಿದ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸೋರೂದಿಲ್ಲ" ಅಂತಾನ. ಮನಿ ಮಾಲಕ ಇಬ್ಬರ ಮಾತೂ ಕೇಳಿ ಸುಮ್ಮಕ ರೊಕ್ಕ ಎಣಸ್ತಾನ. ಎಕರೆಗೆ ಎಷ್ಟು ಗೊಬ್ಬರ ಅಂತ ಹತ್ತು ಮಂದೀನ ಕೇಳೋ ನಾವು, ತಲಿ ಮ್ಯಾಲಿನ ಸೂರಿನ ವಿಷಯಕ್ಕ ಒಬ್ಬರನ್ನೂ ಕೇಳೂದಿಲ್ಲ.

ನಾನೂ ಕೇಳಿರಲಿಲ್ಲ. 2011ರ ಬ್ಯಾಸಗ್ಯಾಗ ಅಡಗಿ ಮನಿ ಮತ್ತ ಕಾಳು ಕಡಿ ಇಡೋ ಕೋಣಿ, ಎರಡರ ಮಾಳಗಿ ಬಿಚ್ಚಿ ಬೇವಿನ ಜಂತಿ ಹೊಸಾವು ಹಾಕಿಸಿದ್ನಿ. ಜಂತಿ ಮ್ಯಾಲ ಹಲಗಿ, ಹಲಗಿ ಮ್ಯಾಲ ಕರೆ ಹಾಳಿ, ಹಾಳಿ ಮ್ಯಾಲ ಮುಕ್ಕಾಲು ಫೂಟ ಮಣ್ಣು. ಮೊದಲ ಆರೇಳು ವರ್ಷ ಒಂದು ಹನಿ ಸೋರಲಿಲ್ಲ. ಊರಾಗ ನಾನ ಎಲ್ಲಾರಿಗೂ ಹೇಳಿದ್ನಿ, ಹಾಳಿ ಹಾಸ್ರಿ, ಆರಾಮ ಇರ್ರಿ ಅಂತ. ನನ್ನ ಮಾತು ಕೇಳಿ ಮೂರು ಮನಿಯವರು ಹಾಸಿದ್ರು. ಇವತ್ತು ಇಷ್ಟುದ್ದ ಬರಿಯೋ ಕಾರಣದಾಗ ಅದೂ ಒಂದೈತಿ.

2022ರ ಮಳಿಗಾಲದಾಗ, ಹುಬ್ಬಿ ಮಳಿ ನಾಕು ದಿನ ಜಡಿ ಹಿಡದಿತ್ತು. ಬೆಳಗಿನ ಝಾವ ಅವ್ವ ಎದ್ದು ಬಚ್ಚಲಕ್ಕ ಹೋಗಿದ್ಲು. ಆಕಿ ಮಲಗೋದು ಅಡಗಿ ಮನ್ಯಾಗ, ಒಲಿ ಬಾಜೂಕ. ದಡ್ ಅಂತ ಸಪ್ಪಳ ಆತು. ಹೋಗಿ ನೋಡಿದ್ರ ಗ್ವಾಡಿ ಹತ್ತಿರದ ಒಂದು ಜಂತಿ ಮುರದು ಕೆಳಗ ಜೋತು ಬಿದ್ದೈತಿ, ಆಕಿ ಹಾಸಗಿ ಮ್ಯಾಲ ಎರಡು ಬುಟ್ಟಿ ಮಣ್ಣು. ಆಶ್ಚರ್ಯ ಅಂದ್ರ ಅವತ್ತೂ ಒಂದು ಹನಿ ನೀರು ಸೋರಿರಲಿಲ್ಲ. ಸೋರಿದ್ರ ನಾವು ಮೊದಲ ಎಚ್ಚರ ಆಗ್ತಿದ್ವಿ. ಹಾಳಿ ನೀರು ತೋರಿಸಲಿಲ್ಲ, ಕಟ್ಟಿಗಿ ಕೊಳಿಯೋದನ್ನ ಮುಚ್ಚಿ ಇಟ್ಟಿತ್ತು.

ಮುಂದಿನ ಬ್ಯಾಸಗ್ಯಾಗ ಪೂರ್ತಿ ಬಿಚ್ಚಿಸಿದ್ನಿ. ನಾನ ಮಾಳಗಿ ಏರಿ ನಿಂತು ನೋಡಿದ್ನಿ. ಜಂತಿ ಕೆಳಗಿನ ಮೈ ಗಟ್ಟಿ, ಬಡದ್ರ ಠಣ್ ಅಂತಿತ್ತು. ಮ್ಯಾಲಿನ ಮೈ, ಹಾಳಿಗೆ ತಾಗಿದ್ದು, ಹೆಬ್ಬೆರಳಿಂದ ಒತ್ತಿದ್ರ ಗಾಣದಾಗ ಹಾದು ಬಂದ ಕಬ್ಬಿನ ಸಿಪ್ಪಿ ಹಂಗ ಎಳಿ ಎಳಿಯಾಗಿ ಬರ್ತಿತ್ತು. ಹಲಗಿ ಮತ್ತ ಹಾಳಿ ನಡುವ ಗೆದ್ದಲು ಮನಿ ಕಟ್ಟಿತ್ತು. ಹಾಳಿ ಅಡಿಗೆ ಕೈ ಇಟ್ರ ಏಪ್ರಿಲ್ ತಿಂಗಳಾಗೂ ತಂಪು ತಂಪು. ಹೊರಗ ನಲವತ್ತು ಡಿಗ್ರಿ ಬಿಸಲು!

ಬಾಜೂಕ ಪಡಸಾಲಿ ಐತಿ. ಅದರ ಮಾಳಗಿ ನಮ್ಮಪ್ಪ 1974ರಾಗ ಹಾಕಿಸಿದ್ದು. ಎಪ್ಪತ್ತೆರಡರ ಬರ ಮುಗದು ಎರಡು ಬೆಳಿ ಕೈಗೆ ಬಂದ ಮ್ಯಾಲ. ಆವಾಗ ನಮ್ಮದು ವಿಜಾಪುರ ಜಿಲ್ಲೆ. ಅದರಾಗ ಹಾಳಿ ಇಲ್ಲ ಗೀಳಿ ಇಲ್ಲ. ಜಂತಿ, ಅಡ್ಡ ಚಕ್ಕಿ, ಬೇವಿನ ತಪ್ಪಲ, ಮಣ್ಣು, ಮ್ಯಾಲ ಸವಳು. ಐವತ್ತು ವರ್ಷ ಆತು, ಎಷ್ಟೋ ಸಲ ಸೋರೈತಿ, ಎಷ್ಟೋ ಸಲ ಬೋಗುಣಿ ಇಟ್ಟೀವಿ. ಆದರ ಒಂದು ಜಂತಿನೂ ಕೊಳತಿಲ್ಲ. ನೆನಿತಿತ್ತು, ಮತ್ತ ಒಣಗ್ತಿತ್ತು. ಇಷ್ಟ ಫರಕು.

ಕೆಲವರು ಹೇಳ್ತಾರ, ಅಡಗಿ ಮನ್ಯಾಗ ಉಗಿ ಇರತೈತಿ, ಪಡಸಾಲ್ಯಾಗ ಇರೂದಿಲ್ಲ, ಅದಕ್ಕ ಹಂಗಾತು, ಹಾಳಿ ತಪ್ಪಲ್ಲ ಅಂತ. ಒಳ್ಳೇ ಮಾತು, ನಾನೂ ಹಂಗ ಅನಕೊಂಡಿದ್ನಿ. ಆದರ ಕೋಣಿ ಬಿಚ್ಚಿದಾಗ ಅದಕ್ಕೂ ಉತ್ತರ ಸಿಕ್ತು. ಕೋಣ್ಯಾಗ ಒಲಿ ಇಲ್ಲ, ಬಚ್ಚಲಿಲ್ಲ. ಅಲ್ಲಿ ನಡುವಿನ ಜಂತಿ ಚಂದ ಇದ್ವು. ಕೊಳತದ್ದು ಎರಡ ಕಡೆ. ಒಂದು, ಕುಂಬಿ ಹತ್ತಿರ ಹಾಳಿ ಮುಗಿಯೋ ಅಂಚಿನ್ಯಾಗ. ಎರಡನೇದು, ಟಿವಿ ಛತ್ರಿ ಕೂರಿಸಾಕ ಬಂದ ಹುಡುಗ ಮೊಳಿ ಹೊಡದ ಜಾಗದಾಗ. ನಾಕು ಮೊಳಿ, ನಾಕು ತೂತು. ಅಲ್ಲಿಂದ ಇಳದ ನೀರು ಹಾಳಿ ಅಡಿಗೆ ಹಲಗಿ ಹಿಡಕೊಂಡು ಎರಡು ಮೊಳ ದೂರ ಹರದಿತ್ತು. ಒಳಗ ಹೋಗಾಕ ತೂತು ಸಾಕು, ಹೊರಗ ಬರಾಕ ಮಾತ್ರ ಮ್ಯಾಲ ಹಾದಿ ಇರಲಿಲ್ಲ. ಮ್ಯಾಲ ಮುಚ್ಚಿದ ಹಾಳಿ, ಅಡಿಗೆ ಹಲಗಿ ಬಣ್ಣ ಬಳದದ್ದು. ನಡುವ ಸಿಕ್ಕ ನೀರು ಏನ ಮಾಡಬೇಕು?

ಇದು ನಮಗ ಗೊತ್ತಿಲ್ಲದ್ದೇನಲ್ಲ. ಜ್ವಾಳದ ರಾಶಿ ಮಾಡಿದಾಗ ರಾತ್ರಿ ತಾಡಪತ್ರಿ ಹೊಚ್ತೀವಿ. ಮುಂಜಾನಿ ತಗದ್ರ ಒಳಮೈ ಬೆವತಿರತೈತಿ, ಮ್ಯಾಲಿನ ಕಾಳು ಹಸಿ. ಮಳಿ ಬಂದಿರೂದಿಲ್ಲ, ಇಬ್ಬನಿ ಒಳಗ ಹೋಗಿರೂದಿಲ್ಲ. ಆ ನೀರು ಕಾಳಿಂದ ಬಂದದ್ದು. ಅದಕ್ಕ ನಾವು ಬಿಸಲು ಏರಿದ ಕೂಡಲೇ ತಾಡಪತ್ರಿ ತಗದು ರಾಶಿ ಹರವತೀವಿ, ಇಲ್ಲಾಂದ್ರ ಬೂಸ್ಟ್ ಹಿಡೀತೈತಿ ಅಂತ. ರಾಶಿಗೆ ಒಂದು ಬುದ್ಧಿ, ಮಾಳಗಿಗೆ ಇನ್ನೊಂದು ಬುದ್ಧಿ ಯಾಕ? ಮಾಳಗಿ ಮ್ಯಾಲಿನ ತಾಡಪತ್ರಿ ಹತ್ತು ವರ್ಷ ಯಾರೂ ತಗದು ಹರವೂದಿಲ್ಲ.

ಮನ್ಯಾಗ ಉಗಿ ಎಷ್ಟು ಹುಟ್ಟತೈತಿ ಅಂತ ಒಂದು ಲೆಕ್ಕ ಹೇಳ್ತೀನಿ. ಗ್ಯಾಸ್ ಉರದ್ರ ನೀರು ಹುಟ್ಟತೈತಿ ಅಂತ ನಾವು ಎಸ್ಸೆಸ್ಸೆಲ್ಸಿಯಾಗ ಓದೀವಿ, ಪರೀಕ್ಷಾ ಮುಗದ ಕೂಡಲೇ ಮರತೀವಿ. ಒಂದು ಕೆಜಿ ಅಡಗಿ ಗ್ಯಾಸ್ ಉರದ್ರ ಒಂದೂವರೆ ಕೆಜಿಗಿಂತ ಸ್ವಲ್ಪ ಹೆಚ್ಚು ನೀರು ಆವಿಯಾಗಿ ಬರತೈತಿ. 14.2 ಕೆಜಿ ಸಿಲಿಂಡರ್ ಖಾಲಿ ಆಗೋದ್ರಾಗ ಸುಮಾರು 22 ಲೀಟರ್ ನೀರು ನಿಮ್ಮ ಅಡಗಿ ಮನಿ ಗಾಳಿಗೆ ಸೇರೈತಿ ಅಂತ ಅರ್ಥ. ಅನ್ನದ ಉಗಿ, ಬಿಸಿನೀರಿನ ಉಗಿ ಬ್ಯಾರೆ. ಕಟ್ಟಿಗಿ ಒಲಿಯಾಗೂ ಉಗಿ ಹುಟ್ಟತಿತ್ತು, ಸುಳ್ಳು ಹೇಳೂದಿಲ್ಲ. ಆದರ ಆವಾಗ ಹೊಗಿ ಹೋಗಾಕಂತ ಬೆಳಕಿಂಡಿ ತೆರದ ಇರತಿತ್ತು, ಹೊಗಿ ಸಂಗಾಟ ಉಗಿನೂ ಹೋಗತಿತ್ತು. ಕಟ್ಟಿಗಿಗೆ ಹೊಗಿ ಹಿಡದು ಕರ್ರಗಾಗಿ ಹುಳಾ ಹತ್ತತಿರಲಿಲ್ಲ. ಗ್ಯಾಸ್ ಬಂತು, ಅವ್ವಂದಿರ ಕಣ್ಣು ಉಳದ್ವು, ಭಾಳ ಒಳ್ಳೇದಾತು. ಆದರ ಹೊಗಿ ಇಲ್ಲಂತ ಬೆಳಕಿಂಡಿಗೆ ಗಾಜು ಹಾಕಿ ಸಿಮೆಂಟ್ ಮಾಡಿದ್ವಿ, ಮ್ಯಾಲ ಹಾಳಿ ಹಾಸಿದ್ವಿ, ಕೆಳಗ ಪಿಒಪಿ ಹಚ್ಚಿದ್ವಿ. ಮನಿಗೆ ಮೂಗು ಬಾಯಿ ಎರಡೂ ಕಟ್ಟಿದಂಗಾತು.

ಇನ್ನ ಭಾರದ ಮಾತು. ಅರ್ಧ ಫೂಟ ದಪ್ಪ ಮಣ್ಣು ಅಂದ್ರ ಚದರ ಫೂಟಿಗೆ ಹೆಚ್ಚು ಕಡಿಮಿ 25 ಕೆಜಿ. 12ಕ್ಕ 18ರ ಒಂದು ಖೋಲಿ ಹಿಡಿರಿ, 216 ಚದರ ಫೂಟು, ಐದೂವರೆ ಟನ್ ಹತ್ತಿರ. ನಮ್ಮವರು ಸೋರಿದ ವರ್ಷ ಒಂದೊಂದು ಪದರ ಏರಿಸಿ ಏರಿಸಿ ಒಂದು ಫೂಟಿಗೆ ತಂದಿರತಾರ, ಅಂದ್ರ ಹನ್ನೊಂದು ಟನ್. ಮಣ್ಣು ನೆನದ್ರ ಇದರ ಮ್ಯಾಲ ಇನ್ನೊಂದು ಟನ್. ಹಾಳಿ ಇಲ್ಲದ ಮಾಳಗ್ಯಾಗ ಮಣ್ಣು ಮ್ಯಾಲೂ ಒಣಗತೈತಿ, ಕೆಳಗೂ ಒಣಗತೈತಿ. ಹಾಳಿ ಹಾಸಿದ ಮ್ಯಾಲ ಅಡಿ ಮಣ್ಣು ಒಣಗಾಕ ಒಂದ ದಿಕ್ಕು ಉಳೀತು. ಹಸಿ ಭಾರ ಹೊತ್ತುಕೊಂಡು ನಿಂತ ಜಂತಿ ಮ್ಯಾಲಿನ ಮೈ ಒಳಗೊಳಗ ಕೊಳೀತಿರತೈತಿ. ಮೇಲ್ಮುದ್ದಿ ಬಿದ್ದು ಮಂದಿ ಸತ್ತ ಸುದ್ದಿ ಪ್ರತಿ ಮಳಿಗಾಲ ಪೇಪರಿನ್ಯಾಗ ಓದ್ತೀವಿ, ಅಯ್ಯೋ ಅಂತೀವಿ, ಪುಟ ತಿರುವ್ತೀವಿ.

ಇಲ್ಲಿಗೆ ಬಂದಾಗ ನಮ್ಮ ಹಿರ್ಯಾರು ಕೆಲವರು ಖುಷಿ ಆಗ್ತಾರ. "ನೋಡು, ನಾವು ಹೇಳಿದ್ವಿಲ್ಲ, ಪ್ಲಾಸ್ಟಿಕ್ ಮನಿಗೆ ಬ್ಯಾಡ, ಸವಳು ಒಂದ ಸಾಕು" ಅಂತ. ಅವರಿಗೂ ನನ್ನ ತಕರಾರು ಐತಿ. ಸವಳು ಮಣ್ಣಿನ ಗುಣ ದೊಡ್ಡದು, ಒಪ್ಪತೀನಿ. ಅದರಾಗಿನ ಸೋಡಿಯಂ ಉಪ್ಪಿಗೆ ಮಣ್ಣಿನ ಸಣ್ಣ ಕಣ ಬಿಡಿಸಿಕೊಂಡು ಹೋಗಿ ರಂಧ್ರ ಮುಚ್ಚತಾವ, ನೀರು ಇಳಿಯಾಕ ಬಿಡೂದಿಲ್ಲ. (ಅದ ಗುಣ ನಮ್ಮ ಹೊಲಕ್ಕ ಬಂದ್ರ ಸವಳು-ಜವಳು ಅಂತ ಅಳತೀವಿ. ಕಬ್ಬಿಗೆ ನೀರು ಬಿಟ್ಟು ಬಿಟ್ಟು ನದಿ ದಂಡಿ ಹೊಲ ಎಲ್ಲಾ ಮಾಳಗಿಗೆ ಹಾಕೋ ಮಣ್ಣು ಮಾಡಿ ಕುಂತೀವಿ. ಅದು ಬ್ಯಾರೆ ಕತಿ, ಇನ್ನೊಮ್ಮೆ ಬರೀತೀನಿ.) ಆದರ ಸವಳು ಪ್ರತಿ ವರ್ಷ ಕೆಲಸ ಕೇಳತೈತಿ. ರೋಹಿಣಿಗೆ ಮೊದಲ ಮಾಳಗಿ ಏರಬೇಕು, ಬಿರುಕು ಮುಚ್ಚಬೇಕು, ಹುಲ್ಲು ಕೀಳಬೇಕು, ಮಳಿ ಬೀಳೋವಾಗ ಏರಿ ತುಳೀಬೇಕು. ನಿಮ್ಮ ಕಾಲದಾಗ ಮನ್ಯಾಗ ಹನ್ನೆರಡು ಮಂದಿ ಇದ್ರಿ. ಈಗ ನಮ್ಮ ಮಗ ಪುಣೆದಾಗ, ಸೊಸಿ ಡ್ಯೂಟಿಗೆ ಹೋಗ್ತಾಳ, ನನ್ನ ಮಣಕಾಲು ನಿಚ್ಚಣಿಕಿ ಏರೂದಿಲ್ಲ ಅಂತಾವ. ಯಾರು ತುಳಿಯೋರು? ಅದಕ್ಕ ಹಾಳಿ ಬೇಕು. ಜಗಳ ಹಾಳಿ ಬೇಕೋ ಬ್ಯಾಡೋ ಅನ್ನೋದ್ರ ಮ್ಯಾಲ ಅಲ್ಲ, ಎಲ್ಲಿ ಹಾಸಬೇಕು ಅನ್ನೋದ್ರ ಮ್ಯಾಲ.

ಹಾಳಿ ಇರಬೇಕಾದದ್ದು ಮಣ್ಣಿನ ನಡುವ. ಕಟ್ಟಿಗಿಗೆ ತಾಗಬಾರದು.

2023ರಾಗ ನಾನು ಮಾಡಿಸಿದ್ದು ಹೇಳ್ತೀನಿ. ಜಂತಿ ಮ್ಯಾಲ ಸಣ್ಣ ಚಕ್ಕಿ, ಅದರ ಮ್ಯಾಲ ಒಣಗಿದ ತೊಗರಿ ಕಟ್ಟಿಗಿ, ಬೇವಿನ ತಪ್ಪಲ. ಕಬ್ಬಿನ ರವದಿ ಹಾಕಬ್ಯಾಡ್ರಿ, ಸಿಹಿ ಇರತೈತಿ, ಇರಿವಿ ಗೆದ್ದಲು ಹುಡುಕ್ಕೊಂಡು ಬರತಾವ. ಇದರ ಮ್ಯಾಲ ನಾಕು ಇಂಚು ಮಣ್ಣು, ಹೊಟ್ಟು ಕಲಸಿ ತುಳದದ್ದು. ಬರೇ ಎರಿ ಮಣ್ಣು ಬ್ಯಾಡ, ಬ್ಯಾಸಗಿಗೆ ಬಿರಿತೈತಿ, ಕೆಂಪು ಮಣ್ಣು ಬೆರಸ್ರಿ. ಈ ಮಣ್ಣಿಗೇ ಇಳಿಜಾರು ಕೊಟ್ಟುಬಿಡಬೇಕು, ಹತ್ತು ಫೂಟಿಗೆ ಮೂರು ಇಂಚು. ಆಮ್ಯಾಲ ಅದನ್ನ ಒಣಗಾಕ ಬಿಡಬೇಕು. ನಾನು ಬಿಟ್ಟದ್ದು ಇಪ್ಪತ್ತೆರಡು ದಿನ. ಗೌಂಡಿ ದಿನಾ ಬಂದು ಬೈತಿದ್ದ, ಬ್ಯಾರೆ ಕಡೆ ಕೆಲಸ ಐತಿ, ಮುಗಸ್ರಿ ಅಂತ. ಹಸಿ ಮಣ್ಣಿನ ಮ್ಯಾಲ ಹಾಳಿ ಹಾಸಿದ್ರ ಮಡಿಕಿಗೆ ಮುಚ್ಚಳ ಇಟ್ಟಂಗ, ಆ ಹಸಿ ಎಲ್ಲಾ ಕೆಳಗ ಕಟ್ಟಿಗಿಗೇ ಬರತೈತಿ. ಗುದ್ದಲಿ ತುದಿಯಿಂದ ಕೆದರಿದ್ರ ಒಳಗೂ ಧೂಳ ಏಳಬೇಕು, ಆವಾಗ ಹಾಸ್ರಿ.

ಒಣಗಿದ ಮಣ್ಣಿನ ಮ್ಯಾಲ ಹಳ್ಳು ಕಲ್ಲು ಆರಿಸಿ ತಗದು, ಹಳೆ ಗೋಣಿ ತಟ್ಟು ಹಾಸಿ, ಅದರ ಮ್ಯಾಲ ಹಾಳಿ. ಹಾಳಿ ಮ್ಯಾಲ ಮತ್ತ ಗೋಣಿ ತಟ್ಟು. ಇದು ಹಾಳಿಗೆ ಚುಚ್ಚಬಾರದಂತ, ಮತ್ತ ಮ್ಯಾಲಿನ ಮಣ್ಣು ಜಾರಬಾರದಂತ. ಕೊನಿಗೆ ಮೂರು ಇಂಚು ಸವಳು ಮಣ್ಣು. ಸವಳು ಹಾಳೀನ ಬಿಸಲಿಂದ ಕಾಯತೈತಿ, ಹಾಳಿ ಸವಳಿನ ಬಿರುಕಿನ ನೀರನ್ನ ಹಿಡೀತೈತಿ. ಕೆಳಗಿನ ನಾಕು ಇಂಚು ಮಣ್ಣು ಅಡಗಿ ಮನಿ ಉಗೀನ ಹೀರಿ, ಮತ್ತ ಹಗಲಿನ್ಯಾಗ ನಿಧಾನಕ ಮನಿಯೊಳಗ ಬಿಟ್ಟುಕೊಡತೈತಿ. ಕಟ್ಟಿಗಿ ಗಾಳಿ ಕಡೆ ಮುಖ ಮಾಡಿ ಇರತೈತಿ. ಕೆಳಗ ಪಿಒಪಿ ಹಚ್ಚಬ್ಯಾಡ್ರಿ, ಜಂತಿ ಕಣ್ಣಿಗೆ ಕಾಣಬೇಕು.

ಒಟ್ಟು ಏಳು ಇಂಚು ಆತು ನೋಡ್ರಿ. ಇದರ ಮ್ಯಾಲ ಮುಂದ ಒಂದು ಬುಟ್ಟಿನೂ ಏರಿಸೂದಿಲ್ಲ ಅಂತ ಮನ್ಯಾಗ ಹೇಳಿ ಇಟ್ಟೀನಿ. ಏರಿಸೋದಿದ್ರ ಹಳೇದು ಕೆತ್ತಿ ಇಳಿಸಿ ಏರಿಸಬೇಕು.

ಇನ್ನೊಂದು ತಪ್ಪು ಎಲ್ಲಾರ ಮನ್ಯಾಗೂ ಕಂಡೀನಿ, ಇದಕ್ಕ ಯಾರೂ ಗಮನ ಕೊಡೂದಿಲ್ಲ. ಮಾಳಗಿ ನೀರು ಹೊರಗ ಬೀಳೋ ದೋಣಿಯನ್ನ ಮ್ಯಾಲಿನ ಮಣ್ಣಿನ ಮಟ್ಟಕ್ಕ ಕೂರಸ್ತಾರ. ಹಾಳಿ ಮೂರು ಇಂಚು ಕೆಳಗಿರತೈತಿ. ಮಣ್ಣಿನಾಗ ಇಳದು ಹಾಳಿಗೆ ಬಂದು ನಿಂತ ನೀರು ಎಲ್ಲಿಗೆ ಹೋಗಬೇಕು? ಹಾದಿ ಇಲ್ಲ. ಮಾಳಗಿ ಮ್ಯಾಲ ಕಾಣದ ಕೆರಿ ಆಗತೈತಿ. ದೋಣಿ ಅಡಿ ಹಾಳಿಗಿಂತ ಅರ್ಧ ಇಂಚು ಕೆಳಗಿರಬೇಕು, ಹಾಳಿ ತುದಿ ದೋಣ್ಯಾಗ ನಾಲಿಗಿ ಚಾಚಿದಂಗ ಬರಬೇಕು, ಬಾಯಿಗೆ ಒಂದು ಬೊಗಸಿ ಹರಳು ಕಲ್ಲು ಇಡಬೇಕು ಮಣ್ಣು ಕೊಚ್ಚಿ ಹೋಗಬಾರದಂತ. ಕುಂಬಿ ಹತ್ತಿರ ಹಾಳಿ ಕತ್ತರಿಸಿ ಬಿಡಬ್ಯಾಡ್ರಿ, ಒಂದು ಫೂಟ ಮ್ಯಾಲ ಏರಿಸಿ ಕುಂಬಿ ಕಲ್ಲಿನ ಅಡಿಗೆ ಸಿಗಸ್ರಿ. ಬೆಳಕಿಂಡಿ ಸುತ್ತಲೂ ಹಂಗ. ಟಿವಿ ಛತ್ರಿ ಬೇಕಂದ್ರ ಹಿತ್ತಲ ಗ್ವಾಡಿಗೆ ಹೊಡಸ್ರಿ.

ಈಗ ಯಾವ ಹಾಳಿ ಅನ್ನೋ ಮಾತು. ಇಲ್ಲೇ ಅಂಗಡಿಯಾಂವ ನಮ್ಮನ್ನ ಕುರಿ ಮಾಡೋದು. ಒಬ್ಬ ಮೈಕ್ರಾನ್ ಅಂತಾನ, ಒಬ್ಬ ಜಿಎಸ್‌ಎಂ ಅಂತಾನ. ಮೈಕ್ರಾನ್ ಅಂದ್ರ ದಪ್ಪ, ಜಿಎಸ್‌ಎಂ ಅಂದ್ರ ಒಂದು ಚದರ ಮೀಟರಿನ ತೂಕ ಗ್ರಾಮಿನ್ಯಾಗ. ಪಾಲಿಥೀನ್ ಹಾಳಿ 100 ಮೈಕ್ರಾನ್ ಇದ್ರ ಚದರ ಮೀಟರಿಗೆ 92ರಿಂದ 95 ಗ್ರಾಂ ತೂಗತೈತಿ. ಬಾಯಿ ಮಾತು ನಂಬಬ್ಯಾಡ್ರಿ, ತಕ್ಕಡಿಗೆ ಹಾಕಸ್ರಿ. ನಾನು 2011ರಾಗ 250 ಮೈಕ್ರಾನ್ ಅಂತ ರೊಕ್ಕ ಕೊಟ್ಟು ತಂದ ಹಾಳಿ ತುಂಡು ಅಟ್ಟದ ಮ್ಯಾಲ ಉಳದಿತ್ತು. ಹತ್ತಕ್ಕ ಹತ್ತು ಫೂಟ ಕತ್ತರಿಸಿ ತೂಗಿದ್ನಿ. 250 ಇದ್ರ ಎರಡು ಕೆಜಿ ಮ್ಯಾಲ ಬರಬೇಕಿತ್ತು. ಬಂದದ್ದು ಒಂದು ಕೆಜಿ ನೂರು ಗ್ರಾಂ. ಅರ್ಧಕ್ಕರ್ಧ ಮೋಸ! ಹನ್ನೆರಡು ವರ್ಷದ ಮ್ಯಾಲ ಗೊತ್ತಾತು, ಯಾರ ಹತ್ತಿರ ಹೋಗಿ ಕೇಳೋದು.

ನನ್ನ ಮಟ್ಟಿಗೆ ಮಣ್ಣಿನ ನಡುವ ಹಾಸಾಕ ಕೃಷಿ ಹೊಂಡದ ಹಾಳಿಗಿಂತ ಒಳ್ಳೇದು ನಮ್ಮ ಕೈಗೆ ಸಿಗೂದಿಲ್ಲ. 2014ರಾಗ ಕೃಷಿ ಭಾಗ್ಯ ಬಂದ ಮ್ಯಾಲ ಹೊಂಡ ಮಾಡಿಸಿದವರಿಗೆ ಇದು ಗೊತ್ತಿರತೈತಿ. 500 ಮೈಕ್ರಾನ್ ಎಚ್‌ಡಿಪಿಇ. ನೇಯ್ದು ಲ್ಯಾಮಿನೇಟ್ ಮಾಡಿದ್ದಾದ್ರ ಐಎಸ್ 15351 ಅಂತ ಮುದ್ರಿ ನೋಡಿ ತಗೋರಿ. 24ಕ್ಕ 18ರ ಹಾಳಿ, 500 ಮೈಕ್ರಾನ್ ಖರೇ ಇದ್ರ, 18-19 ಕೆಜಿ ತೂಗಬೇಕು. ಸಾಧ್ಯ ಆದಷ್ಟು ಒಂದ ತುಂಡು ತಗೋರಿ. ಕೂಡಿಸೋದ ಆದ್ರ ಹೊಂಡಕ್ಕ ಬರೋ ಮಷಿನ್ನಿನಾಂವನ ಕಡೆ ಬೆಸುಗಿ ಹಾಕಸ್ರಿ. ಅವನೂ ಸಿಗದಿದ್ರ ಒಂದೂವರೆ ಫೂಟ ಒಂದರ ಮ್ಯಾಲ ಒಂದು ಬರಬೇಕು, ಇಳಿಜಾರಿನ ಮ್ಯಾಲಿನ ತುಂಡು ಕೆಳಗಿನ ತುಂಡಿನ ಮ್ಯಾಲ. ಉಲ್ಟಾ ಹಾಕಿದವರನ್ನೂ ನೋಡೀನಿ.

ಬ್ಯಾಡಾದ್ದು ಹೇಳ್ತೀನಿ. ಹೊಂಡದಾಗ ಹತ್ತು ವರ್ಷ ಬಿಸಲು ಕುಡದ ಹಳೆ ಹಾಳಿ ಬ್ಯಾಡ, ಮಡಿಚಿದಲ್ಲಿ ಸೀಳತೈತಿ. ಗೊಬ್ಬರದ ಚೀಲ ಹೊಲದು ಹಾಸಬ್ಯಾಡ್ರಿ, ಹೆಣಿಗಿ ಸಂದಿನ್ಯಾಗ ನೀರು ಇಳೀತೈತಿ, ಉಳದ ಯೂರಿಯಾ ಹಸಿ ಎಳೀತೈತಿ, ಮೊಳಿ ತುಕ್ಕು ಹಿಡೀತಾವ. ಇನ್ನ ಎಲೆಕ್ಷನ್ ಮುಗದ ಮ್ಯಾಲ ಪುಕ್ಕಟೆ ಸಿಗೋ ಫ್ಲೆಕ್ಸ್! ನಮ್ಮೂರಾಗ ಒಬ್ಬಾತನ ಮಾಳಗಿ ಅಡಿಗೆ ಮೂರೂ ಪಕ್ಷದವರು ಕೈ ಮುಗದು ಮಲಗ್ಯಾರ. ಫ್ಲೆಕ್ಸ್ ಪಾಲಿಥೀನ್ ಅಲ್ಲ, ಪಿವಿಸಿ. ಮೆತ್ತಗ ಇರಾಕ ಹಾಕಿದ ಎಣ್ಣಿ ಅಂಶ ಹೋಗ್ತಾ ಹೋಗ್ತಾ ಹಪ್ಪಳ ಆಗತೈತಿ. ಐದು ವರ್ಷಕ್ಕ ಅದೂ ಕೈ ಕೊಡತೈತಿ.

ರಬಕವಿ, ಬನಹಟ್ಟಿ, ಮಹಾಲಿಂಗಪುರ ಕಡೆಯ ಗೆಳ್ಯಾರು ಕೇಳಬಹುದು, ನಮ್ಮದು ತಗಡಿನ ಶೆಡ್, ನಮಗೇನು ಅಂತ. ನಿಮಗೂ ಅದ ಮಾತು, ಬ್ಯಾರೆ ದಾರಿ. ಚಳಿಗಾಲದಾಗ ಬೆಳಗಿನ ಝಾವ ತಗಡು ಬಯಲಿಗೆ ಮುಖ ಮಾಡಿ ಗಾಳಿಗಿಂತ ತಣ್ಣಗ ಆಗತೈತಿ. ಒಳಗಿನ ಗಾಳಿಯಾಗಿನ ಆವಿ ಅದಕ್ಕ ತಾಗಿ ಹನಿ ಆಗತೈತಿ, ಮಗ್ಗದ ಹಾಸಿನ ಮ್ಯಾಲ ಟಪ್ ಟಪ್ ಬೀಳತೈತಿ. ತಗಡಿನ ತುಕ್ಕು ಹೊತ್ತು ಬಿದ್ದ ಹನಿ ಸೀರಿ ಮ್ಯಾಲ ಕಲಿ ಮಾಡಿದ್ರ ಮಾಲು ವಾಪಸ್. ಬೆಲ್ಲದ ಪೆಂಟಿ ಇಟ್ಟ ಗೋದಾಮಿನ್ಯಾಗೂ ಇದ ಹಾಡು. ಮಂದಿ "ತಗಡು ಸೋರತೈತಿ" ಅಂತ ಮ್ಯಾಲ ಡಾಂಬರು ಬಳೀತಾರ. ಸೋರಿಕಿ ಇಲ್ಲದ ಸೋರಿಕಿಗೆ ಡಾಂಬರು ಏನ ಮಾಡತೈತಿ? ಮೊದಲ ಗಾಳಿ ಆಡಸ್ರಿ, ಎತ್ತರದಾಗ ಎದುರಾಬದುರು ಜಾಳಗಿ ಇಡಸ್ರಿ. ತಗಡು ಬದಲಿ ಮಾಡೋ ಹೊತ್ತಿನ್ಯಾಗ ಅಡಿಗೆ ಹಾಳಿ ಹಾಕೋದಿದ್ರ ತಗಡಿಗೆ ಅಂಟಿಸಬ್ಯಾಡ್ರಿ. ಎರಡರ ನಡುವ ಒಂದೆರಡು ಇಂಚು ಸಂದು ಬಿಟ್ಟು, ಇಳಿಜಾರು ಹಿಡಿಸಿ, ಹಾಳಿ ತುದಿ ಗ್ವಾಡಿ ಹೊರಗ ಬರೂವಂಗ ಮಾಡ್ರಿ. ಬಿದ್ದ ಹನಿ ಹಾಳಿ ಹಿಡಕೊಂಡು ಹೊರಗ ಹೋಗತೈತಿ.

ಥಂಡಿ ದೇಶದಾಗ ಹಂಚು ತಗಡಿನ ಅಡಿಗೆ ಉಸಿರಾಡೋ ಹಾಳಿ ಹಾಕತಾರ. ಟೈವೆಕ್ ಅಂತ ಒಂದು ಹೆಸರು ಕೇಳಿರಬಹುದು. ಹನಿ ನೀರು ಒಳಗ ಬಿಡೂದಿಲ್ಲ, ಒಳಗಿನ ಆವಿ ಹೊರಗ ಬಿಡತೈತಿ. ವಸ್ತು ಒಳ್ಳೇದ. ತಗಡಿನ ಶೆಡ್ಡಿಗೆ, ಹಂಚಿನ ಮನಿಗೆ, ಶಕ್ತಿ ಇದ್ದವರು ಹಾಕಸ್ರಿ. ಆದರ ಅದು ಇಳಿಜಾರಿನ ಸೂರಿಗೆ ಮಾಡಿದ್ದು, ಮಣ್ಣಿನ ಅಡಿಗೆ ಹೂಳಾಕ, ನಿಂತ ನೀರು ಹೊರಾಕ ಮಾಡಿದ್ದಲ್ಲ. "ಉಸಿರಾಡೋ ಹಾಳಿ ಐತ್ರಿ, ಜಂತಿ ಮ್ಯಾಲ ಹಾಸ್ರಿ" ಅಂತ ಯಾರಾದ್ರೂ ಮೇಲ್ಮುದ್ದಿಗೆ ಮಾರಾಕ ಬಂದ್ರ ಚಾ ಕುಡಿಸಿ ಕಳಸ್ರಿ.

ಕೊನಿಗೆ ದೊಡ್ಡ ಪ್ರಶ್ನೆ. "ಇಷ್ಟೆಲ್ಲಾ ಯಾಕ, ಸ್ಲ್ಯಾಬ್ ಹಾಕಿಸಿ ಕೈ ತೊಳಕೋರಿ" ಅನ್ನೋರು ಭಾಳ ಮಂದಿ. ಹಾಕಿಸೋ ಶಕ್ತಿ ಇದ್ದವರು ಹಾಕಿಸ್ರಿ, ನಾನು ಬ್ಯಾಡ ಅನ್ನಾಕ ಯಾರು. 2019ರ ಆಗಸ್ಟ್‌ನ್ಯಾಗ ಕೃಷ್ಣಾ, ಘಟಪ್ರಭಾ ಒಮ್ಮೆಲೇ ಏರಿದಾಗ ಮಣ್ಣಿನ ಗ್ವಾಡಿ ನೀರಾಗ ನಿಂತು ಕುಸದ್ವು, ಪೂರ್ತಿ ಹೋದ ಮನಿಗೆ ಸರಕಾರ ಐದು ಲಕ್ಷ ಘೋಷಿಸಿತು, ಬಂದವರು ಸ್ಲ್ಯಾಬ್ ಹಾಕಿಸಿದ್ರು. ಸರಿ. ಆದರ ಸ್ಲ್ಯಾಬ್ ಭಾರ ಹಳೆ ಮಣ್ಣಿನ ಗ್ವಾಡಿ ಹೊರೂದಿಲ್ಲ, ಅಂದ್ರ ಬರೇ ಮಾಳಗಿ ಅಲ್ಲ, ಬುಡದಿಂದ ಮನಿ ಕಟ್ಟಬೇಕು. ಮತ್ತ ಬೀಳಗಿ ತಾಲ್ಲೂಕಿನ ನದಿ ದಂಡಿ ಊರವರನ್ನ ಕೇಳ್ರಿ. ಆಲಮಟ್ಟಿ 519.60 ಮೀಟರಿಂದ 524.256ಕ್ಕ ಏರತೈತಿ ಅಂತ 2010ರಾಗ ನ್ಯಾಯಮಂಡಳಿ ತೀರ್ಪು ಬಂದಾಗಿಂದ ಕೇಳಾಕತ್ತಾರ. ಮುಳುಗಡಿ ಆಗತೈತೋ ಇಲ್ಲೋ, ಆದ್ರ ಯಾವಾಗ, ಗೊತ್ತಿಲ್ಲ. ಹಂತಾ ಮನಿಗೆ ಹತ್ತು ಹನ್ನೆರಡು ಲಕ್ಷ ಸುರಿಯೋದು ಹ್ಯಾಂಗ? ಸೋರೋ ಮಾಳಗಿ ಕೆಳಗ ಮಕ್ಕಳನ್ನ ಮಲಗಿಸೋದಾದ್ರೂ ಹ್ಯಾಂಗ? ಅವರಿಗೆ ಬೇಕಾದದ್ದು ಇನ್ನೊಂದು ಹದಿನೈದು ವರ್ಷ ನಿಲ್ಲೋ ಮಣ್ಣಿನ ಮಾಳಗಿ. ಅದನ್ನ ಸರಿಯಾಗಿ ಹಾಕೋದು ಹ್ಯಾಂಗಂತ ಯಾವ ಇಂಜಿನಿಯರೂ ಹೇಳಾಕ ಬರೂದಿಲ್ಲ, ಅದರಾಗ ಕಮಾಯಿ ಇಲ್ಲ. ನಾವ ನಾವ ಹೇಳ್ಕೋಬೇಕು.

ನಮ್ಮೂರಿನ ಆ ನಾಕು ಮನಿಯಾಗ ಎರಡರ ಮ್ಯಾಲ ಇನ್ನೂ ಮಣ್ಣು ಬಿದ್ದಿಲ್ಲ. ಹಾಸಿದ ಹಾಳಿ ಮಡಿಚಿ ಬದಿಗಿಟ್ಟು, ಮೊದಲ ನಾಕು ಇಂಚು ಮಣ್ಣು ಹಾಕಿ ಒಣಗಾಕ ಬಿಡ್ರಿ ಅಂತ ಹೇಳಿ ಬಂದೀನಿ. ಒಬ್ಬ ಹೂಂ ಅಂದಾನ. ಇನ್ನೊಬ್ಬ ಗೌಂಡಿ ಮುಖ ನೋಡ್ಯಾನ. ಮಿರಗಕ್ಕ ಇನ್ನೂ ತಿಂಗಳ ಮ್ಯಾಲ ಟೈಮ್ ಐತಿ, ಈಗ ಹಾಕಿದ್ರ ಒಣಗತೈತಿ. ನಂಬಿಕಿ ಬರದವರು ನಮ್ಮ ಮನಿಗೆ ಬರ್ರಿ, ಮುರದ ಜಂತಿ ಹಿತ್ತಲದಾಗ ಹಂಗ ಇಟ್ಟೀನಿ, ಒಲಿಗೆ ಹಾಕಿಲ್ಲ. ಕೆಳಗಿನ ಮೈಗೆ ಬಡದು ನೋಡ್ರಿ, ಆಮ್ಯಾಲ ಮಗ್ಗಲು ತಿರುವಿ ಹೆಬ್ಬೆರಳು ಒತ್ತಿ ನೋಡ್ರಿ.